ಪೀಠಕ್ಕೊಂದು ಅಳತೆ

ಡಂಡಿಯ ನನ್ನ ಮರಗೆಲಸದ ಶೆಡ್ಡಿಗೆ
ವಿಶ್ವವಿದ್ಯಾಲಯದಿಂದ ದಪ್ಪ ಕಾಗದದ ಪತ್ರ ಬಂತು:
ಡಾಕ್ಟರ್ ಎಲ್ಸ್‌ಪೆತ್ ರಾಟ್ರೇ ಹೆಸರಲ್ಲಿ ಪೀಠ ಸ್ಥಾಪನೆಯಾಗಿದೆ,
ದತ್ತಿಯ ಹಣ ಬ್ಯಾಂಕು ಸೇರಿದೆ,
ಸಮಾರಂಭಕ್ಕೆ ಕೂರಲೊಂದು ನಿಜವಾದ ಕುರ್ಚಿಯೂ ಇರಲೆಂದು ಸಮಿತಿಯ ಆಸೆ.
ಓಕ್ ಮರ. ಎತ್ತರದ ಬೆನ್ನು. ಹಿತ್ತಾಳೆಯ ಫಲಕ.
ನೆಲದಿಂದ ಆಸನಕ್ಕೆ ಹದಿನೆಂಟು ಅಂಗುಲ.

ನಗು ಬಂತು.
ಆಕೆ ಕೂತದ್ದನ್ನು ನಾನು ಕಂಡಿರುವುದು
ಹನ್ನೊಂದು ಅಂಗುಲದ ಮುಕ್ಕಾಲಿಯ ಮೇಲೆ,
ಅಜ್ಜಿ ಹಾಲು ಕರೆಯಲು ಕೂರುತ್ತಿದ್ದದ್ದಂತೆ, ಒಂದು ಕಾಲಿಗೆ ತಂತಿಯ ಕಟ್ಟು.
ಮಂಚದ ಮೇಲಿನ ಮಗುವಿನ ಕಣ್ಣಿಗಿಂತ
ಡಾಕ್ಟರ ಕಣ್ಣು ಕೂದಲೆಳೆಯಷ್ಟು ಕೆಳಗಿರಬೇಕು,
ಸೂಜಿ ಮೇಲಿನಿಂದ ಎರಗಬಾರದು, ಅನ್ನುತ್ತಿದ್ದರು.

ನನ್ನಪ್ಪ ಆಸ್ಪತ್ರೆಯ ಬಡಗಿ. ಹದಿನಾಲ್ಕಕ್ಕೇ ನಾನವನ ಕೈಯಾಳು.
ಬಾಗಿಲು, ಕಪಾಟು, ಮುರಿದ ಊರುಗೋಲು,
ಮತ್ತೆ, ಗತಿಯಿಲ್ಲದವರಿಗೆಂದು, ಆ ಪುಟ್ಟ ಪೆಟ್ಟಿಗೆಗಳು.
ಪೈನ್ ಹಲಗೆ. ನಾಲ್ಕಡಿ, ಮೂರೂವರೆ, ಕೆಲವು ಅದಕ್ಕೂ ಕಮ್ಮಿ.
ಐವತ್ತೆಂಟನೇ ಇಸವಿಯಲ್ಲಿ ರಕ್ತದ ಕ್ಯಾನ್ಸರಿನ ವಾರ್ಡೊಂದರಿಂದಲೇ ಹತ್ತೊಂಬತ್ತು.
ಚೀಟಿ ಕಳಿಸಿದರೆ ಸಾಕಿತ್ತು. ಆಕೆ ತಾನೇ ನೆಲಮಾಳಿಗೆಗೆ ಇಳಿದು ಬರುತ್ತಿದ್ದರು,
ಬ್ಯಾಂಡೇಜಿನ ಪಟ್ಟಿಯಲ್ಲಿ ಉದ್ದಕ್ಕೊಂದು ಗಂಟು ಹಾಕಿಕೊಂಡು.
ಮೊದಲು ಹೆಸರು ಹೇಳುವರು, ಉದ್ದ ಆಮೇಲೆ.
ಅಪ್ಪ ಪುಸ್ತಕದಲ್ಲಿ ಬರೆಯುವನು, ಅದೇ ಕ್ರಮದಲ್ಲಿ.

ಮೇಲಿನ ಮಹಡಿಯಲ್ಲಿ ಮಾತು ಬೇರೆಯೇ ಇತ್ತು.
ಹೇಗೂ ಹೋಗುವ ಜೀವ, ನೆಮ್ಮದಿಯಾಗಿ ಹೋಗಲಿ,
ಒಂದು ವಿಷ ಸಾಲದೆಂದು ಎರಡು ಬೆರೆಸುತ್ತಾಳೆ ಈ ಹೆಂಗಸು,
ಎಂದರು ದೊಡ್ಡ ಕುರ್ಚಿಗಳಲ್ಲಿ ಕೂತವರು.
ಆಕೆ ಎರಡಕ್ಕೆ ಮೂರನೆಯದನ್ನೂ ಸೇರಿಸಿದರು.
ಪಟ್ಟಿ ಬರುವುದು ನಿಲ್ಲಲಿಲ್ಲ.
ಒಂದು ವಾರ ಮೂರು ಬಂತು. ಆ ದಿನ ಆಕೆ
ಮರದ ಹೊಟ್ಟಿನ ಚೀಲದ ಮೇಲೆ ಕೂತು, ಚಹಾ ಕೊಟ್ಟರೆ ಕುಡಿಯದೆ,
ಕೀಸುಳಿಯ ಅಲಗು ಎಷ್ಟು ದಿನಕ್ಕೊಮ್ಮೆ ಮಸೆಯುತ್ತೀರಿ ಎಂದು ಕೇಳಿದರು.
ಮೊಂಡಾದಾಗಲೆಲ್ಲ, ಅಂದ ಅಪ್ಪ.

ಅರವತ್ತಾರರ ಫೆಬ್ರವರಿ. ಟೇ ನದಿಯ ಕಡೆಯಿಂದ ಮಂಜು.
ಆಕೆ ಪಟ್ಟಿ ಹಿಡಿದು ಬಂದರು. ಅಪ್ಪ ಹಲಗೆಗೆ ಕೈ ಚಾಚಿದ.
ಮೋರ್ನಾ ಕಿಡ್, ಎಂದರು. ಎಂಟು ವರ್ಷ.
ಗಂಟು ನಾಲ್ಕು ಅಂಗುಲಕ್ಕಿತ್ತು.
ಅಪ್ಪ ಪಟ್ಟಿ ನೋಡಿದ, ಅವರ ಮುಖ ನೋಡಿದ.
ಮಂಚ ಸಾಲುತ್ತಿಲ್ಲ ಮಿಸ್ಟರ್ ಪೆಟ್ರಿ, ಹುಡುಗಿ ಬೆಳೆದಿದ್ದಾಳೆ,
ಪಾದ ಕಂಬಿಗೆ ತಾಗುತ್ತಿದೆ. ಇಷ್ಟು ಉದ್ದ ಮಾಡಿಕೊಡಿ.

ಅಪ್ಪ ಉಳಿ ಕೆಳಗಿಟ್ಟ. ಮತ್ತೆ ತೆಗೆದುಕೊಂಡ. ಮತ್ತೆ ಇಟ್ಟ.
ಆ ಸಾಲನ್ನು ಪುಸ್ತಕದ ಯಾವ ಪುಟಕ್ಕೆ ಬರೆಯುವುದೋ ತಿಳಿಯದೆ
ಕೊನೆಗೆ ಹಿಂಬದಿಯ ರಟ್ಟಿನ ಮೇಲೆ ಬರೆದ.

ಅದೇ ಮೋರ್ನಾ, ಈಗ ಐದು ಬೇಕರಿಗಳ ಒಡತಿ,
ಬ್ರೆಡ್ಡು ಬನ್ನು ಮಾರಿದ ದುಡ್ಡಲ್ಲಿ ಈ ಪೀಠ ಕಟ್ಟಿದ್ದಾಳೆ.
ನಾನು ಓಕ್ ತಂದೆ, ಬೆನ್ನು ಎತ್ತರಿಸಿದೆ, ಫಲಕಕ್ಕೆ ಜಾಗ ಬಿಟ್ಟೆ.
ಆಸನ ಹನ್ನೊಂದು ಅಂಗುಲಕ್ಕೆ ನಿಲ್ಲಿಸಿದೆ.

ಸಮಿತಿಯವರು ಟೇಪು ಹಿಡಿದು ಬಂದರು.
ಅಳತೆ ತಪ್ಪಿದೆಯಲ್ಲ ಪೆಟ್ರಿ, ಅಂದರು, ನನ್ನ ವಯಸ್ಸಿನ ಮೇಲೆ ಕನಿಕರದಿಂದ.
ಮೋರ್ನಾ ಮಾತ್ರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು,
ಆಸನದ ಅಂಚನ್ನು ಹೆಬ್ಬೆರಳಿಂದ ಸವರಿ,
ಹಣ ಯಾರದು? ಎಂದು ಕೇಳಿದಳು. ಅಲ್ಲಿಗೆ ಮುಗಿಯಿತು.

ಸಮಾರಂಭದ ದಿನ ಮೊದಲ ಪ್ರಾಧ್ಯಾಪಕಿ ಹಾಲಿನಾ ವೊಯ್ಚಿಕ್,
ಯುದ್ಧ ಮುಗಿದ ಮೇಲೆ ಇಲ್ಲೇ ಉಳಿದ ಪೋಲಿಷ್ ಸಿಪಾಯಿಯ ಮೊಮ್ಮಗಳು,
ಕುರ್ಚಿಯಲ್ಲಿ ಕೂತರು. ಕೂತರು ಅನ್ನುವುದಕ್ಕಿಂತ ಇಳಿದರು.
ಮೊಣಕಾಲು ಎದೆಗೆ ಬಂತು, ಕೆಂಪು ಗೌನು ನೆಲದಲ್ಲಿ ಹರಡಿತು,
ಸಭೆ ನಕ್ಕಿತು. ಅವರೂ ನಕ್ಕರು.
ಭಾಷಣಕ್ಕೆ ಏಳಲು ನೋಡಿದರು, ಆಗಲಿಲ್ಲ,
ಸರಿ, ಎಂದು ಅಲ್ಲಿಂದಲೇ
ನಮ್ಮೆಲ್ಲರನ್ನೂ ಕತ್ತೆತ್ತಿ ನೋಡುತ್ತ ಶುರುಮಾಡಿದರು.

ಬಿಲ್ಲು ಇನ್ನೂ ಕಳಿಸಿಲ್ಲ.
ಎಡಗಡೆಯ ಹಿಂಗಾಲು ಸ್ವಲ್ಪ ಅಲ್ಲಾಡುತ್ತದೆ,
ಒಂದು ಮಂಗಳವಾರ ಹೋಗಿ ಸರಿಮಾಡಬೇಕು.